ನಾಲ್ಕು ದಿನ ಬಾಕಿಯಿತ್ತೆಂದು ವಾಪಸ್ಸು ಬಂದ ನನ್ನ ಅಕ್ಕನ ಪರವಾಗಿ

ಬೂಸ್ಟರ್ ಲಸಿಕೆಯ ಮಾರ್ಗಸೂಚಿಗಳನ್ನು ಹೊರಡಿಸುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಹೀಗೆ ಕರೆಯುವಷ್ಟು ಸೌಜನ್ಯ ನನ್ನಲ್ಲಿ ಇನ್ನೂ ಉಳಿದಿದೆ. ಪತ್ರ ಮುಗಿಯುವ ತನಕ ಅದು ಉಳಿಯುತ್ತದೆಂಬ ಭರವಸೆ ಕೊಡಲಾರೆ. ಎಪ್ಪತ್ತೊಂದು ವರ್ಷದ ನನ್ನ ಅಕ್ಕ ನಿಮ್ಮ ಮಾತು ಕೇಳಿ ಸತ್ತಳು. ಮಾತು ಮೀರಿ ಸತ್ತಿದ್ದರೆ ನೀವು ಅವಳನ್ನೊಂದು ಎಚ್ಚರಿಕೆಯ ಪ್ರಕಟಣೆ ಮಾಡಿ ಗೋಡೆಗೋಡೆಗೆ ಅಂಟಿಸುತ್ತಿದ್ದಿರಿ. ಕೇಳಿ ಸತ್ತದ್ದರಿಂದ ಅವಳು ನಿಮ್ಮ ಯಾವ ಕಾಗದದಲ್ಲೂ ಇಲ್ಲ. ಇದನ್ನು ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರು ಸಲವೂ “ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ” ಎಂಬ ಒಂದೇ ಸಾಲಿನ ಉತ್ತರ ಬಂತು. ಸಂಬಂಧಪಟ್ಟವರು ಯಾರೆಂದು ನನಗೆ ಗೊತ್ತಾಗದ ಕಾರಣ, ನಾಲ್ಕನೆಯ ಸಲ ಎಲ್ಲರೂ ಓದುವಂತೆ ಅಚ್ಚು ಹಾಕಿಸುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಲಸಿಕೆಯ ಮೇಲೆ ನನಗೆ ಜಗಳವಿಲ್ಲ. ಅದು ಬೇಡವೆಂದು ಬೀದಿಯಲ್ಲಿ ಕೂಗಾಡುವವರ ಗುಂಪಿಗೆ ನನ್ನನ್ನು ಸೇರಿಸಿ ನೀವು ಕೈತೊಳೆದುಕೊಳ್ಳಬೇಡಿ. ಅದು ಬೇಕು ಎಂದು ತೋಳು ಮಡಚಿಕೊಂಡು ಬಂದು ಕೂತ ಮುದುಕ ಮುದುಕಿಯರನ್ನು ನೀವು ಆಡಿಸಿದಿರಲ್ಲ, ಜಗಳ ಅದರ ಮೇಲೆ. ಬೂಸ್ಟರ್ ಶುರುವಾದ ಆ ನಾಲ್ಕು ತಿಂಗಳಲ್ಲಿ ನಿಮ್ಮ ಕಚೇರಿಯಿಂದ ಬಂದ ಸೂಚನೆಗಳನ್ನೆಲ್ಲ ಅಕ್ಕ ಪತ್ರಿಕೆಯಿಂದ ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸಿದ್ದಳು. ಈಗ ಅದು ನನ್ನ ಹೊಲಿಗೆ ಮೇಜಿನ ಮೇಲಿದೆ. ಅರವತ್ತು ದಾಟಿದ ಎಲ್ಲರೂ ಬರಬಹುದು ಎನ್ನುತ್ತದೆ ಮೊದಲನೆಯದು. ಬೇರೆ ಕಾಯಿಲೆ ಇದ್ದವರು ಮಾತ್ರ, ವೈದ್ಯರ ಪತ್ರ ತರತಕ್ಕದ್ದು ಎನ್ನುತ್ತದೆ ಹತ್ತು ದಿನದ ಮೇಲಿನದು. ಪತ್ರ ಕಡ್ಡಾಯವಲ್ಲ, ಆದರೆ “ಅಪೇಕ್ಷಣೀಯ” ಎನ್ನುತ್ತದೆ ಅದರ ಮುಂದಿನದು. ಸ್ವಾಮಿ, ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಬೆಳಗ್ಗೆ ಏಳಕ್ಕೆ ವೈದ್ಯರ ಬಾಗಿಲಲ್ಲಿ ನಿಲ್ಲಬೇಕೋ ಬೇಡವೋ ಎಂಬುದಕ್ಕೆ “ಅಪೇಕ್ಷಣೀಯ” ಉತ್ತರವೇ? ಈ ಪದವನ್ನು ಹುಡುಕಿ ತೆಗೆದವರಿಗೆ ಬಡ್ತಿ ಸಿಕ್ಕಿರಬೇಕು. ಅಕ್ಕನಂತೂ ಹೋಗಿ ನಿಂತಳು, ಪತ್ರ ತಂದಳು, ಮಡಚಿ ಫೈಲಿನಲ್ಲಿಟ್ಟಳು. ಎರಡನೇ ಡೋಸಿಗೂ ಬೂಸ್ಟರಿಗೂ ನಡುವೆ ಪೂರಾ ಎಂಟು ತಿಂಗಳು ಕಳೆದಿರಬೇಕು ಎಂಬ ಸಾಲಿಗೆ ಮಾತ್ರ ಅವಳು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಳು.

ಅವಳು ಎಂಥವಳೆಂದು ನಿಮಗೆ ಗೊತ್ತಾಗಬೇಕು. ಮೂವತ್ತೆರಡು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವಳು. ಮದುವೆ ಮಾಡಿಕೊಳ್ಳಲಿಲ್ಲ, ಕೇಳಿದರೆ “ನನಗೆ ಪುರುಸೊತ್ತಿಲ್ಲ” ಅನ್ನುತ್ತಿದ್ದಳು. ನಾನು ಹೊಸ ಹುರುಪಿನ ಹುಡುಗನಾಗಿದ್ದಾಗ ಹಿಂದಿನ ದಿನದ ಟಿಕೆಟ್ ಹಿಡಿದು ಅವಳ ಬೋಗಿಯಲ್ಲೇ ಸಿಕ್ಕಿಬಿದ್ದೆ. “ಅಕ್ಕಾ, ನಾನೇ ಕಣೇ” ಅಂದೆ. “ನೀನಾದ್ರೆ ಮುಂದಿನ ಸ್ಟೇಷನ್ನಲ್ಲಿ ಇಳಿ. ಬೇರೆಯೋರಾಗಿದ್ರೂ ಅಲ್ಲೇ ಇಳೀಬೇಕಿತ್ತು” ಅಂದಳು. ಇಳಿಸಿದಳು. ಜೊತೆಗಿದ್ದ ಗೆಳೆಯರೆಲ್ಲ ಕಿಟಕಿಯಿಂದ ಹಲ್ಲು ಕಿರಿದರು. ಮನೆಗೆ ಬಂದ ಮೇಲೆ ಬಿಸಿನೀರು ಕಾಯಿಸಿ ಕೊಟ್ಟು, ಊಟ ಬಡಿಸಿ, “ಕಾಲು ನೋಯ್ತಿದ್ಯಾ?” ಅಂತ ಕೇಳಿದವಳೂ ಅವಳೇ. ನನ್ನ ಹೆಂಡತಿ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಮುಂದುಗಡೆ ನನ್ನ ಹೊಲಿಗೆಯಂಗಡಿ, ಹಿಂದುಗಡೆ ಅವಳ ಆಡಳಿತ.

ಎಲ್ಲರೂ ಬರಬಹುದೆಂಬ ಸೂಚನೆ, ಎಂಟು ತಿಂಗಳ ಮಾತೇ ಎತ್ತದೆ, ಮತ್ತೊಮ್ಮೆ ಪತ್ರಿಕೆಯಲ್ಲಿ ಬಂದ ಗುರುವಾರ ನಾವಿಬ್ಬರೂ ಲಸಿಕಾ ಕೇಂದ್ರಕ್ಕೆ ಹೋದೆವು. ಶಾಲೆಯೊಂದರ ಹಳೇ ಚಿತ್ರಕಲಾ ಕೊಠಡಿ. ಮಕ್ಕಳ ಬೆಂಚುಗಳು, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತ ಹದಿನೈದು ಹಿರಿಯರು. ಎರಡು ಗಂಟೆ ಕಾದ ಮೇಲೆ ಕಂಪ್ಯೂಟರಿನ ಮುಂದಿದ್ದವನು ನಮ್ಮಿಬ್ಬರ ನಂಬರು ಒತ್ತಿದ. ಪರದೆ ಕೆಂಪಾಯಿತು. ಎರಡನೇ ಡೋಸು ನಾವಿಬ್ಬರೂ ಒಂದೇ ದಿನ ಹಾಕಿಸಿಕೊಂಡವರು. ಎಂಟು ತಿಂಗಳು ತುಂಬಲು ಇನ್ನೂ ನಾಲ್ಕು ದಿನ ಬಾಕಿಯಿತ್ತು. “ಪತ್ರಿಕೆಯಲ್ಲಿ ಎಲ್ಲರೂ ಬನ್ನಿ ಅಂತ ಹಾಕಿದಾರಲ್ಲಪ್ಪ” ಅಂದೆ. “ಅವರು ಹಾಕ್ತಾರೆ ಸಾರ್, ಇದು ತಗೊಳ್ಳಲ್ಲ” ಎಂದು ಕಂಪ್ಯೂಟರಿನ ನೆತ್ತಿ ತಟ್ಟಿದ.

ಎದ್ದು ಹೊರಟಿದ್ದೆವು. ಆಗ ಚುಚ್ಚುವ ಕೆಲಸದಲ್ಲಿದ್ದ ಸಿಸ್ಟರ್ ಬಾಗಿಲ ತನಕ ಬಂದರು. ಒಂದು ಸೀಸೆ ತೆರೆದರೆ ಇಷ್ಟು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಇದು ನಿಮ್ಮದೇ ನಿಯಮ.

“ಅಜ್ಜೀ, ಬನ್ನಿ ಇಲ್ಲಿ. ಸೀಸೆಲಿ ಎರಡು ಡೋಸ್ ಉಳಿದಿದೆ, ಅರ್ಧ ಗಂಟೇಲಿ ಎಸೀಬೇಕು. ನಾಲ್ಕು ದಿನ ತಾನೆ? ಹಾಕ್ಬಿಡ್ತೀನಿ. ಸೋಮವಾರದ ತಾರೀಖು ಬರ್ಕೋತೀನಿ.”

ಅಕ್ಕನ ಮುಖ ನಾನು ನೋಡಿದೆ. ಆ ಮುಖವನ್ನು ಬೋಗಿಯಲ್ಲಿ ಒಮ್ಮೆ ನೋಡಿದ್ದೆ.

“ಸೋಮವಾರದ ತಾರೀಖನ್ನ ಗುರುವಾರ ಬರೀತೀಯೇನಮ್ಮಾ? ನಾಳೆ ಟಿಕೆಟ್ ಹಿಡ್ಕೊಂಡು ಇವತ್ತು ಹತ್ತಿದೋರನ್ನ ಮೂವತ್ತೆರಡು ವರ್ಷ ಕೆಳಗಿಳಿಸಿದೀನಿ. ಈಗ ನಾನೇ ಹತ್ಲಾ?”

“ಇದು ರೈಲಲ್ಲ ಅಜ್ಜಿ. ಚೆಲ್ಲಿಹೋಗೋ ಔಷಧಿ.”

“ಚೆಲ್ಲೋದಕ್ಕೂ ನಿಯಮ ಇದೆಯಲ್ಲ? ಚೆಲ್ಲು.”

ನಾನು ಹೇಳಿ ನೋಡಿದೆ, ಗದರಿಸಿ ನೋಡಿದೆ. ಜಪ್ಪಯ್ಯ ಅಂದರೂ ಅವಳು ಕದಲಲಿಲ್ಲ. ಮಾನ್ಯರೇ, ಈಗ ನಾನು ಒಪ್ಪಿಕೊಳ್ಳಬೇಕಾದದ್ದು ಬರುತ್ತದೆ. ನಾನು ವಾಪಸ್ಸು ಹೋಗಿ ಆ ಪುಟ್ಟ ಬೆಂಚಿನ ಮೇಲೆ ಕೂತು ಅಂಗಿಯ ತೋಳು ಮೇಲೆತ್ತಿದೆ. ಎರಡು ಡೋಸಿನಲ್ಲಿ ಒಂದು ನನ್ನ ತೋಳಿಗೆ ಹೋಯಿತು. ಇನ್ನೊಂದು, ಅಕ್ಕನದು, ನನ್ನ ಕಣ್ಣೆದುರೇ ಕಸದ ಡಬ್ಬಿಗೆ ಬಿತ್ತು. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಇಳಿಯುವಾಗ ಒಂದೇ ಮಾತು ಅಂದಳು: “ಕಳ್ಳಪ್ರಯಾಣ ಮಾಡೋ ಬುದ್ಧಿ ನಿಂಗೆ ಇನ್ನೂ ಹೋಗಿಲ್ಲ.”

(ಆ ಸಿಸ್ಟರನ್ನು ಹುಡುಕಲು ಹೊರಡಬೇಡಿ. ಅವರ ಮುಖ ಮಾಸ್ಕಿನೊಳಗಿತ್ತು, ಹೆಸರು ನಾನು ಕೇಳಲಿಲ್ಲ. ವಾರವನ್ನೂ ಕೊಠಡಿಯನ್ನೂ ಬೇಕೆಂದೇ ಬದಲಿಸಿ ಬರೆದಿದ್ದೇನೆ. ಸಿಟ್ಟು ತೀರಿಸಿಕೊಳ್ಳಲು ನಿಮಗೆ ನಾನೊಬ್ಬ ಸಾಕು.)

ಸೋಮವಾರ ಬೆಳಗ್ಗೆ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಫೈಲು ಹಿಡಿದು, ಒಬ್ಬಳೇ ಹೊರಟಳು. ಕಳ್ಳನ ಜೊತೆ ಬರುವುದಿಲ್ಲವಂತೆ. ಚಿತ್ರಕಲಾ ಕೊಠಡಿಗೆ ಬೀಗ. ಬಾಗಿಲಿಗೆ ಒಂದು ಹಾಳೆ: ಮಾರ್ಗಸೂಚಿ ಪರಿಷ್ಕರಣೆಯಲ್ಲಿರುವುದರಿಂದ ಮುಂದಿನ ಆದೇಶದವರೆಗೆ ಬೂಸ್ಟರ್ ಸ್ಥಗಿತ. ಮನೆಗೆ ಬಂದವಳು ನನ್ನ ಕಡೆ ನೋಡದೆ ಹೇಳಿದಳು, “ಪರಿಷ್ಕರಣೆ ಅಂದ್ಮೇಲೆ ಏನೋ ಕಾರಣ ಇರತ್ತೆ. ಅಲ್ಲಿ ಕೂತಿರೋರು ದಡ್ಡರಲ್ಲ.” ನಿಮ್ಮ ಮೇಲೆ ಅಷ್ಟು ನಂಬಿಕೆಯಿಟ್ಟವರು ನಿಮ್ಮ ಕಚೇರಿಯೊಳಗಾದರೂ ಇದ್ದಾರೆಯೇ?

ಆಮೇಲೆ ಸಹಾಯವಾಣಿ. ಒಬ್ಬರು ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ದೊಡ್ಡ ಆಸ್ಪತ್ರೆಯವರು ನಿಮ್ಮ ಬಡಾವಣೆಯ ಕೇಂದ್ರಕ್ಕೇ ಹೋಗಬೇಕು ಅಂದರು. ಇನ್ನೊಬ್ಬರು ಇತ್ತೀಚೆಗೆ ಜ್ವರ ಬಂದಿತ್ತೇ ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಇಲ್ಲ ಅನ್ನುತ್ತಿದ್ದರು. ಅಕ್ಕ, ಹೋದ ತಿಂಗಳು ಎರಡು ದಿನ ಮೈ ಬೆಚ್ಚಗಿತ್ತು ಅಂದಳು. ಹಾಗಾದರೆ ಮೂರು ತಿಂಗಳು ಕಾಯಬೇಕು ಅಂದರು. ಮಾರನೆಯ ದಿನ ಮತ್ತೊಬ್ಬರು, ಹಾಗೇನಿಲ್ಲ, ನಿಮಗೆ ಮೆಸೇಜು ಬರುತ್ತೆ, ಅದು ಬಂದ ಮೇಲೆ ಹೋಗಿ ಅಂದರು. ಅವತ್ತಿನಿಂದ ಅವಳು ಫೋನನ್ನು ಅಡುಗೆಮನೆಗೂ ಹಿಡಿದುಕೊಂಡು ಹೋಗತೊಡಗಿದಳು. ಬಂದ ಮೆಸೇಜುಗಳನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದಳು. ಒಂದು ಕೂದಲೆಣ್ಣೆಯ ಜಾಹೀರಾತು, ಒಂದು ಸಾಲ ಬೇಕೇ ಎಂಬುದು, ಇನ್ನೊಂದು ಕೂದಲೆಣ್ಣೆಯದೇ.

ಅವಳು ಬೀಗ ನೋಡಿ ಬಂದ ಹತ್ತೊಂಬತ್ತನೆಯ ದಿನ ನನಗೆ ಕೆಮ್ಮು ಶುರುವಾಯಿತು, ಮರುದಿನ ಅವಳಿಗೆ. ಒಂದೇ ಮನೆ, ಒಂದೇ ಗಾಳಿ. ನನಗೆ ಮೂರು ದಿನ ಜ್ವರ ಬಂದು ಬಿಟ್ಟಿತು. ನಾಲ್ಕನೆಯ ದಿನ ನಾನು ಮೆಷಿನ್ನಿನ ಮುಂದೆ ಕೂತು ಒಂದು ಪ್ಯಾಂಟಿನ ಅಂಚು ಮಡಚುತ್ತಿದ್ದೆ, ಅವಳನ್ನು ಆಂಬುಲೆನ್ಸಿಗೆ ಏರಿಸಬೇಕಾಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಆರನೆಯ ದಿನ ಗಾಜಿನಾಚೆಯಿಂದ ನೋಡಲು ಬಿಟ್ಟರು. ಮೂಗಿಗೆ ಆಕ್ಸಿಜನ್ ಹಾಕಿಕೊಂಡು ಅವಳು ಕೈಸನ್ನೆಯಲ್ಲಿ ಕೇಳಿದ್ದು ಫೋನಿಗೆ ಮೆಸೇಜು ಬಂತಾ ಎಂದು. ನಾನು ಬಂತು ಅಂತ ತಲೆಯಾಡಿಸಿದೆ. ಅವಳಿಗೆ ನಾನು ಹೇಳಿ ದಕ್ಕಿಸಿಕೊಂಡ ಸುಳ್ಳು ಅದೊಂದೇ.

ಅವಳನ್ನು ಸ್ಮಶಾನಕ್ಕೆ ಕಳಿಸಿಕೊಟ್ಟ ಎರಡನೆಯ ದಿನ ನಿಮ್ಮ ಪರಿಷ್ಕೃತ ಮಾರ್ಗಸೂಚಿ ಬಂತು. ಅಂತರ ಇನ್ನು ಮುಂದೆ ಎಂಟು ತಿಂಗಳಲ್ಲ, ಐದು ತಿಂಗಳು. ಜ್ವರ ಬಂದು ಹೋಗಿದ್ದರೂ ಅಡ್ಡಿಯಿಲ್ಲ. ವೈದ್ಯರ ಪತ್ರ ಬೇಡ. ಲೆಕ್ಕ ಹಾಕಿ ನೋಡಿದರೆ, ಆ ಗುರುವಾರ ಕೆಂಪು ಪರದೆಯ ಮುಂದೆ ಕೂತಾಗ ಅಕ್ಕ ನಾಲ್ಕು ದಿನ ಮುಂಚೆ ಬಂದವಳಲ್ಲ, ಮೂರು ತಿಂಗಳು ತಡವಾಗಿ ಬಂದವಳು. ವಿಜ್ಞಾನ ಬದಲಾಗುತ್ತದೆ ಎಂದು ನಿಮ್ಮ ವಕ್ತಾರರು ದೂರದರ್ಶನದಲ್ಲಿ ಹೇಳಿದರು. ಬದಲಾಗಲಿ, ಬೇಡ ಎಂದವರು ಯಾರು? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬಹುದಿತ್ತು. “ಸುಮಾರು ಇಷ್ಟು ತಿಂಗಳು, ನಾಲ್ಕು ದಿನ ಹೆಚ್ಚು ಕಡಿಮೆಯಾದರೆ ಚಿಂತೆಯಿಲ್ಲ, ವಯಸ್ಸಾದವರು ಬೇಗ ಬನ್ನಿ” ಎಂದು ಒಂದು ಸಾಲು ಬರೆಯಲು ನಿಮ್ಮ ಪೆನ್ನಿಗೆ ಏನಾಗಿತ್ತು? ಸರಿಯಾಗಿ ಗೊತ್ತಿದ್ದವರ ಗತ್ತಿನಲ್ಲಿ ಎಂಟು ಎಂದಿರಿ, ಅದೇ ಗತ್ತಿನಲ್ಲಿ ಐದು ಎಂದಿರಿ, ನಡುವೆ ಸುಮ್ಮನೆ ಬೀಗ ಹಾಕಿಕೊಂಡು ಹೋದಿರಿ.

ಆ ಒಂದು ಡೋಸು ಅವಳನ್ನು ಉಳಿಸಿಯೇ ಬಿಡುತ್ತಿತ್ತು ಎನ್ನಲು ಪುರಾವೆ ಏನು ಎಂದು ನೀವು ಕೇಳುತ್ತೀರಿ, ಗೊತ್ತು. ನನ್ನಲ್ಲಿ ಪುರಾವೆಯಿಲ್ಲ. ಅವಳಿಗೆ ವಯಸ್ಸು ಹೆಚ್ಚು, ಸಕ್ಕರೆ ಕಾಯಿಲೆ ಬೇರೆ. ನಾನು ಡಾಕ್ಟರಲ್ಲ, ದರ್ಜಿ. ಎಂಟು ಎಂದು ಅಳೆದು ಐದಕ್ಕೆ ಕತ್ತರಿಸಿದರೆ ಬಟ್ಟೆ ವಾಪಸ್ಸು ಬಂದು ನನ್ನ ಮುಖದ ಮೇಲೇ ಬೀಳುತ್ತದೆ, ಗಿರಾಕಿ ಅಂಗಡಿಯೆದುರು ನಿಂತು ನನ್ನ ಮಾನ ತೆಗೆಯುತ್ತಾನೆ. ನಿಮ್ಮ ಅಳತೆ ತಪ್ಪಿದಾಗ ಯಾರ ಎದುರು ಹೋಗಿ ನಿಲ್ಲಬೇಕು? ಸುತ್ತೋಲೆಯ ಕೆಳಗೆ ಒಂದು ಸೀಲು, ಅದರ ಮೇಲೆ ಓದಲಾಗದ ಒಂದು ಗೀಚು. ನಿಮ್ಮ ಮನೆಯಲ್ಲೂ ಅಮ್ಮನೋ ಅತ್ತೆಯೋ ಇರಬೇಕಲ್ಲವೇ? ಅವರಿಗೆ ಯಾವಾಗ ಹಾಕಿಸಿದಿರಿ, ಎಂಟಕ್ಕೋ ಐದಕ್ಕೋ? ಅವರೂ ಕೂದಲೆಣ್ಣೆಯ ಮೆಸೇಜು ಓದುತ್ತ ಕಾದು ಕೂತಿದ್ದರೇ?

ನನಗೆ ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳಬೇಕಿದೆ. ಇದನ್ನು ಮುಚ್ಚಿಟ್ಟುಕೊಂಡು ನ್ಯಾಯ, ಸುಧಾರಣೆ ಎಂದೆಲ್ಲ ದೊಡ್ಡ ಮಾತಾಡುವ ಆಸೆ ನನಗಿಲ್ಲ. ಮೊದಲ ತಿಂಗಳು ಬಹಳ ಚಿಲ್ಲರೆ ಯೋಚನೆಗಳು ಬಂದವು. ನೀವು ನನ್ನ ಅಂಗಡಿಗೆ ಕೋಟು ಹೊಲಿಸಲು ಬಂದಂತೆ, ನಾನು ಕಂಕುಳ ಒಳಪದರದಲ್ಲಿ ಎರಡು ಗುಂಡುಸೂಜಿ ಮರೆತಂತೆ ಕನಸು ಕಾಣುತ್ತಿದ್ದೆ. ನಿಮ್ಮನ್ನು ಆ ಮಕ್ಕಳ ಬೆಂಚಿನ ಮೇಲೆ ಎರಡು ಗಂಟೆ ಕೂರಿಸಿ, ಆಮೇಲೆ ಎದುರಿನ ಕೊಠಡಿಗೆ ಹೋಗಿ ಎನ್ನಬೇಕು ಅಂತಲೂ ಅನಿಸಿತ್ತು. ಅವು ಈಗ ಸಾಲವು. ಆ ಗುರುವಾರ ಅಕ್ಕನನ್ನು ಎಳೆದು ಕೂರಿಸದೇ ಇದ್ದದ್ದು ನನ್ನ ತಪ್ಪು. ಅದನ್ನು ನಾನು ಹೊತ್ತುಕೊಂಡು ತಿರುಗುತ್ತಿದ್ದೇನೆ, ಸಾಯುವ ತನಕ ಇಳಿಸುವಂತಿಲ್ಲ. ನಿಮ್ಮ ಪಾಲಿನದನ್ನು ನೀವೂ ಹೊರಬೇಕು. ಅದು ನಿಮ್ಮ ಹೆಗಲಿಗೆ ಏರುವುದನ್ನು ನಾನು ನೋಡಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಒಂದು ಪ್ರಶ್ನೆಗೆ ನಿಮ್ಮ ಕೈಯಾರೆ ಉತ್ತರ ಬರೆದು, ಕೆಳಗೆ ಓದಲು ಬರುವಂಥ ಅಕ್ಷರದಲ್ಲಿ ಹೆಸರು ಹಾಕಿ ಕಳಿಸಿ. ಆ ಗುರುವಾರ ಆ ಕೊಠಡಿಯಲ್ಲಿ ಸರಿಯಾಗಿ ನಡೆದುಕೊಂಡವರು ಯಾರು, ನಾನೋ ಅಕ್ಕನೋ?

ಅಕ್ಕ ಸರಿ ಎನ್ನುವುದಾದರೆ ನಾನು ಅಪರಾಧಿ. ನನ್ನದಲ್ಲದ ದಿನ ನನ್ನದಲ್ಲದ ಡೋಸು ಹಾಕಿಸಿಕೊಂಡಿದ್ದೇನೆ, ಸಾವಿರಾರು ಜನರೆದುರು ಒಪ್ಪಿಕೊಂಡಿದ್ದೇನೆ. ಬಂದು ಹಿಡಿದುಕೊಂಡು ಹೋಗಿ, ಅಂಗಡಿ ಬೆಳಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ನಾನು ಸರಿ ಎನ್ನುವುದಾದರೆ, ನಿಮ್ಮ ನಿಯಮ ಪಾಲಿಸಿದ್ದೇ ಅವಳು ಮಾಡಿದ ತಪ್ಪು ಎಂದು ಬರೆಯಿರಿ. ಬರೆದು, ಆ ಕೊಠಡಿಯ ಬಾಗಿಲಿಗೆ, ನೀವು ಹಾಳೆ ಅಂಟಿಸಿದ್ದ ಅದೇ ಜಾಗದಲ್ಲಿ ಅಂಟಿಸಿ. “ಸಂಬಂಧಪಟ್ಟ ವಿಭಾಗಕ್ಕೆ” ಎಂಬ ಉತ್ತರ ಬಂದರೆ ಈ ಪತ್ರವನ್ನು ಪ್ರತಿ ತಿಂಗಳು ಅಚ್ಚು ಹಾಕಿಸುತ್ತೇನೆ. ನಾನು ಬೇಗ ಸಾಯುವವನಲ್ಲ. ನನಗೆ ಬೂಸ್ಟರ್ ಆಗಿದೆ.

ಇಂತಿ,
ವಿಧೇಯನಾಗದೆ ಉಳಿದುಕೊಂಡ
ಒಬ್ಬ ದರ್ಜಿ