ಮಿಷನ್ ಓಡುವಾಗ ಕರೆಯಬೇಡಿ

೧೦ ಫೆಬ್ರವರಿ, ಮಂಗಳವಾರ

ತಂಗಿ ಗಂಟೆಗೆ, ಅಣ್ಣನ ಆಶೀರ್ವಾದ.

ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನ ಕೈಲಿ ಕಾಗದ ಬರೆಸುತ್ತೀಯಲ್ಲ, ನಿನಗೆ ಒಂಚೂರಾದರೂ ಕನಿಕರ ಇದೆಯಾ? ಫೋನ್ ಅನ್ನುವುದು ಒಂದು ಇದೆ. ಹತ್ತು ನಿಮಿಷದಲ್ಲಿ ಮುಗಿಯುವ ಮಾತು ಇದು. “ಫೋನಲ್ಲಿ ನೀನು ಬರೀ ಬೈತೀಯ ಅಣ್ಣ. ಬೈಗುಳ ಸೋಸಿ ಉಳಿದಿದ್ದನ್ನ ಬರೆದು ಕಳ್ಸು, ಗೋಡೆಗೆ ಅಂಟಿಸ್ಕೋತೀನಿ” ಅಂತ ಬರೆದಿದ್ದೀಯ. ಬೈಗುಳ ಸೋಸಿದರೆ ನನ್ನಲ್ಲಿ ಉಳಿಯುವುದೇನು, ಬರೀ ಜರಡಿ. ನಿನ್ನ ಅತ್ತಿಗೆಯೂ ನಿನ್ನ ಕಡೆಯೇ. “ಮೂರು ವಾರದಿಂದ ಆ ಪೆನ್ನಿನ ತುದಿ ಕಡಿದೂ ಕಡಿದೂ ಇಲಿ ಬಿದ್ದಂಗೆ ಮಾಡಿದೀರ, ಇವತ್ತು ಬರೀದೆ ಇದ್ರೆ ಊಟ ಇಲ್ಲ” ಅಂದಳು. ಅದಕ್ಕೇ ಕೂತಿದ್ದೇನೆ.

ತಡವಾದದ್ದಕ್ಕೆ ಕಣ್ಣು ಮಂಜು ಅಂತಲೋ ಕೆಲಸ ಜಾಸ್ತಿ ಅಂತಲೋ ಒಂದು ಸುಳ್ಳು ಹೇಳಬಹುದಿತ್ತು. ಕಣ್ಣು ಸರಿಯಾಗಿಯೇ ಇದೆ, ಕೆಲಸವೂ ಅಷ್ಟಕ್ಕಷ್ಟೇ. ಬರೆಯಲು ಕೈ ಏಳಲಿಲ್ಲ. ಯಾಕೆ ಅನ್ನುವುದು ಆಮೇಲೆ.

ಇಲ್ಲಿ ಇಬ್ಬರೂ ಬದುಕಿದ್ದೇವೆ. ನಿನ್ನ ಅತ್ತಿಗೆಯ ಮೊಣಕಾಲು ಮೆಟ್ಟಿಲು ಕಂಡರೆ ಹಟ ಹಿಡಿಯುತ್ತದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನಾನು ದಿನಕ್ಕೆ ನಾಲ್ಕು ಗಂಟೆ ಅಪ್ಪನ ಬಡಗಿ ಶೆಡ್ಡಿನಲ್ಲಿರುತ್ತೇನೆ. ಈಗಲೂ ಅಲ್ಲೇ ಇದ್ದೇನೆ. ನೀನು ಹದಿನಾರನೇ ವಯಸ್ಸಿನಲ್ಲಿ ಮಾಡಿದ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಲವತ್ತೆರಡು ವರ್ಷವಾಯಿತು, ಒಂದು ಕಾಲೂ ಅಲುಗಿಲ್ಲ. ನಾನು ಮಾಡಿದ ಸ್ಟೂಲುಗಳು ನಾಲ್ಕು ಮುರಿದು ಒಲೆ ಸೇರಿದವು. ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ಬರೆದಾಯಿತು, ಇರಲಿ.

ಐವತ್ತೆಂಟಕ್ಕೆ ರಿಟೈರಾದ ಹೆಂಗಸರು ಬೆಳಗ್ಗೆ ವಾಕಿಂಗ್ ಹೋಗುತ್ತಾರೆ, ಸಂಜೆ ಸೊಸೆಯ ಮೇಲೆ ದೂರು ಹೇಳುತ್ತಾರೆ. ನೀನು ಮೂವತ್ತು ವರ್ಷ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ಹೊರಗೆ ಬಂದವಳು ಕೈಯಲ್ಲಿ ಹಿಡಿದು ಮರ ಕೊಯ್ಯುವ, ದುಂಡು ಬ್ಲೇಡಿನ ಕರೆಂಟಿನ ಕಟ್ಟಿಂಗ್ ಮಿಷನ್ ಕೊಂಡು ತಂದಿದ್ದೀಯ. “ಲೈಬ್ರರಿಯಲ್ಲಿ ಯಾರೋ ಮಾಡಿದ ಕಪಾಟಿನಲ್ಲಿ ಯಾರದೋ ಪುಸ್ತಕ ಇಟ್ಟಿದ್ದು ಸಾಕು, ಈಗ ನಂದು ನಾನೇ ಮಾಡ್ಕೋತೀನಿ” ಅಂದಿದ್ದೀಯ. ಸರಿ. ಮಾಡಿಕೋ. ಬೇಡ ಅನ್ನಲು ನಾನು ಯಾರು?

ನೀನು ಏಳು ಪ್ರಶ್ನೆ ನಂಬರ್ ಹಾಕಿ ಬರೆದಿದ್ದೀಯ. ನಾನು ನಂಬರ್ ಪ್ರಕಾರ ಬರೆಯುವುದಿಲ್ಲ, ನೆನಪಾದ ಹಾಗೆ ಬರೆಯುತ್ತೇನೆ. ನೀನೇ ಜೋಡಿಸಿಕೋ, ಅದೇ ನಿನ್ನ ಕಸುಬು.

ಮೊದಲು ಹಲಗೆ. ಹಲಗೆ ಅಲ್ಲಾಡಬಾರದು. ನೆಲದ ಮೇಲೆ ಇಟ್ಟು ಕಾಲಲ್ಲಿ ಮೆಟ್ಟಿ ಹಿಡಿದು ಕೊಯ್ಯುವುದನ್ನು ಅಪ್ಪನ ಹತ್ತಿರ ನೋಡಿದ್ದೀಯ. ಅದು ಕೈಗರಗಸದ ಕಾಲ. ಕೈಗರಗಸ ತಪ್ಪಿದರೆ ಗೀರುತ್ತದೆ, ಇದು ತಪ್ಪಿದರೆ ಕೇಳುವುದಿಲ್ಲ. ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿ. ಎರಡು ಸ್ಟೂಲಿನ ಮೇಲೆ ಸೇತುವೆ ಹಾಗೆ ಹಲಗೆ ಇಟ್ಟು ನಡುಮಧ್ಯ ಕೊಯ್ಯಬೇಡ. ಕೊಯ್ಯುತ್ತಾ ಹೋದ ಹಾಗೆ ಹಲಗೆಯ ನಡು ಬಗ್ಗುತ್ತದೆ, ಕೊಯ್ದ ಸಂದು ಬಾಯಿ ಮುಚ್ಚಿ ಬ್ಲೇಡನ್ನು ಕಚ್ಚುತ್ತದೆ. ಕಚ್ಚಿತು ಅಂದರೆ ಮಿಷನ್ ಕತ್ತೆ ಒದ್ದ ಹಾಗೆ ನಿನ್ನ ಕಡೆಗೇ ಹಾರುತ್ತದೆ. ಕತ್ತರಿಸಿ ಹೋಗುವ ತುಂಡು ತಾನಾಗಿ ಕೆಳಗೆ ಬೀಳುವ ಹಾಗೆ ಇಡು. ಬೀಳುವುದನ್ನು ಹಿಡಿಯಲು ಕೈ ಚಾಚಬೇಡ. ಬಿದ್ದರೆ ಬೀಳಲಿ, ಅದೇನು ಗಾಜಿನ ಲೋಟವೇ?

ಮಿಷನ್ನಿನ ಹಿಂದೆ ನೇರವಾಗಿ ನಿಲ್ಲಬೇಡ, ಒಂದು ಮಗ್ಗುಲಿಗೆ ನಿಲ್ಲು. ಹಾರಿದರೂ ಅದರ ದಾರಿಯಲ್ಲಿ ನೀನಿರಬಾರದು. ಎರಡು ಕೈಯಲ್ಲಿ ಹಿಡಿ. ಎರಡೂ ಕೈ ಹಿಡಿಯ ಮೇಲಿದ್ದರೆ ಯಾವ ಕೈಯೂ ಬ್ಲೇಡಿನ ಹತ್ತಿರ ಇರುವುದಿಲ್ಲ, ಲೆಕ್ಕ ಸುಲಭ. ಬ್ಲೇಡು ಪೂರ್ತಿ ವೇಗಕ್ಕೆ ಬಂದ ಮೇಲೆ ಮರಕ್ಕೆ ತಾಗಿಸು. ದೂಡಬೇಡ. ದೂಡಬೇಕಾಗಿ ಬಂದರೆ ಬ್ಲೇಡು ಮೊಂಡಾಗಿದೆ ಅಂತ ಅರ್ಥ. ಹರಿತ ಬ್ಲೇಡಿಗಿಂತ ಮೊಂಡು ಬ್ಲೇಡೇ ಅಪಾಯ. ಮನುಷ್ಯರಲ್ಲೂ ಹಾಗೇ, ಆದರೆ ಅದನ್ನು ಗೋಡೆಗೆ ಅಂಟಿಸಬೇಡ, ಅತ್ತಿಗೆ ತನಗೇ ಅಂದುಕೊಳ್ಳುತ್ತಾಳೆ.

ಬ್ಲೇಡು ಹಲಗೆಯ ಕೆಳಗೆ ಒಂದು ಹಲ್ಲಿನಷ್ಟು ಮಾತ್ರ ಇಣುಕಬೇಕು. ಅಷ್ಟಕ್ಕೆ ಆಳ ಹೊಂದಿಸಿಕೋ. ಹೊಂದಿಸುವಾಗ, ಬ್ಲೇಡು ಬದಲಿಸುವಾಗ ಪ್ಲಗ್ ಗೋಡೆಯಿಂದ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು. ಕಿತ್ತ ಪ್ಲಗ್ ನಿನ್ನ ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಟ್ಟುಕೋ. ವೈರು ಭುಜದ ಮೇಲಿಂದ ಹಿಂದಕ್ಕೆ ಇಳಿಯಲಿ. ಸಡಿಲ ತೋಳು ಬೇಡ, ಕತ್ತಿನ ಸರ ಬೇಡ, ಕೂದಲು ಗಂಟು ಕಟ್ಟು. ಕನ್ನಡಕ ಇದೆಯಲ್ಲ ಅನ್ನಬೇಡ, ಅದು ಓದುವ ಕನ್ನಡಕ, ಪಕ್ಕದಿಂದ ಚೂರು ನುಗ್ಗುತ್ತದೆ. ಸುತ್ತ ಮುಚ್ಚುವಂಥದ್ದು ತಗೋ. ಹಳೇ ಹಲಗೆಯಾದರೆ ಮೊಳೆ ಇದೆಯಾ ಅಂತ ಅಂಗೈ ಸವರಿ ನೋಡು. ಹೀಗೆ ನೋಡಲು ನನ್ನ ಕೈಗಿಂತ ನಿನ್ನ ಕೈಯೇ ವಾಸಿ ಅಂತ ಅಪ್ಪ ಹೇಳುತ್ತಿದ್ದರು.

ಕೊಯ್ದು ಮುಗಿದ ಮೇಲೆ ಸ್ವಿಚ್ ಬಿಡು. ಬಿಟ್ಟ ಮೇಲೂ ಬ್ಲೇಡು ತಿರುಗುತ್ತಿರುತ್ತದೆ. ಸದ್ದು ಇಳಿಯಿತು ಅಂತ ನಂಬಬೇಡ. ಪೂರ್ತಿ ನಿಲ್ಲುವವರೆಗೆ ಎತ್ತಬೇಡ, ತಿರುಗಬೇಡ, ಕೈ ಎಲ್ಲಿಗೂ ಹೋಗಬಾರದು. ಒಂದರಿಂದ ಹತ್ತು ಎಣಿಸು. ಆಮೇಲೂ ಕಣ್ಣಲ್ಲಿ ನೋಡು. ಎಡಗೈಯಲ್ಲಿ ಎರಡು ಬೆರಳು ಇಲ್ಲದವನು ಹೇಳುತ್ತಿದ್ದೇನೆ.

ಇನ್ನು ಮಿಷನ್ ಮಾರಿದ ಅಂಗಡಿಯವನ ಮಾತು. “ಕೆಳಗಿನ ಗಾರ್ಡ್ ಸಣ್ಣ ಪಟ್ಟಿ ಕೊಯ್ಯುವಾಗ ಸಿಕ್ಕಿಕೊಳ್ಳತ್ತೆ ಮೇಡಂ, ತಂತಿಯಲ್ಲಿ ಮೇಲಕ್ಕೆ ಕಟ್ಟಿಬಿಡಿ, ಎಲ್ರೂ ಹಾಗೇ ಮಾಡೋದು” ಅಂತ ಅವನು ಹೇಳಿದನಂತೆ. ಕಟ್ಟಲೋ ಬೇಡವೋ ಅಂತ ನೀನು ನನ್ನನ್ನು ಕೇಳಿದ್ದೀಯ. ಅವನ ಬಾಯಿಗೆ ಮೊದಲು ತಂತಿ ಕಟ್ಟು. ಎಲ್ಲರೂ ಮಾಡುವುದು ಅಂತೆ! ಎಲ್ಲರ ಕೈಯನ್ನೂ ಅವನು ಎಣಿಸಿದ್ದಾನಾ?

ಆ ಗಾರ್ಡ್ ಅನ್ನುವುದು ಕಣ್ಣಿಗೆ ರೆಪ್ಪೆ ಇದ್ದ ಹಾಗೆ. ಮರ ತಾಗಿದರೆ ಹಿಂದೆ ಸರಿಯುತ್ತದೆ, ಮರ ಮುಗಿದ ಕೂಡಲೇ ಸ್ಪ್ರಿಂಗ್ ಎಳೆದು ಟಪ್ ಅಂತ ಬ್ಲೇಡನ್ನು ಮುಚ್ಚುತ್ತದೆ. ದಿನಾ ಕೆಲಸಕ್ಕೆ ಮೊದಲು, ಪ್ಲಗ್ ಹಾಕದೆ, ಕೈಯಿಂದ ಅದನ್ನು ಎತ್ತಿ ಬಿಟ್ಟು ನೋಡು. ಟಪ್ ಅನ್ನಬೇಕು. ನಿಧಾನಕ್ಕೆ ಸೋಮಾರಿಯ ಹಾಗೆ ಬಂದರೆ ಮರದ ಹೊಟ್ಟು ತುಂಬಿದೆ, ಬ್ರಷ್ ಹಾಕಿ ತೆಗೆ. ಸಣ್ಣ ಪಟ್ಟಿಗೆ ಸಿಕ್ಕಿಕೊಂಡರೆ ಅಷ್ಟು ಸಣ್ಣ ಪಟ್ಟಿಯನ್ನು ಈ ಮಿಷನ್ನಿನಲ್ಲಿ ಕೊಯ್ಯಲೇಬೇಡ, ಕೈಗರಗಸ ಇದೆ. ತಂತಿ ಬೇಡ, ದಾರ ಬೇಡ, ಮರದ ಬೆಣೆ ಬೇಡ. ಈಗಾಗಲೇ ಕಟ್ಟಿದ್ದರೆ ಈ ಸಾಲು ಓದಿದ ಕೂಡಲೇ ಕಾಗದ ಕೆಳಗಿಟ್ಟು ಹೋಗಿ ಬಿಚ್ಚಿ ಬಾ. ನಾನು ಕಾಯುತ್ತೇನೆ.

ಬಿಚ್ಚಿದೆಯಾ? ಸರಿ.

ಕಪಾಟಿಗೆ ಹಲಗೆ ಕೊಳ್ಳುವಾಗ ತುದಿಗೆ ಕಣ್ಣಿಟ್ಟು ಉದ್ದಕ್ಕೆ ನೋಡು, ಸೊಟ್ಟ ಇದ್ದರೆ ಬೇಡ ಅನ್ನು. ಒಳ್ಳೇ ಮುಖ ಕೆಳಗೆ ಮಾಡಿ ಕೊಯ್ಯಿ, ಈ ಬ್ಲೇಡು ಕೆಳಗಿನಿಂದ ಮೇಲಕ್ಕೆ ಕಚ್ಚುತ್ತದೆ, ಸಿಬಿರು ಏಳುವುದು ಮೇಲಿನ ಮುಖದಲ್ಲಿ. ಹಲಗೆಗೆ ಹಲಗೆ ಸೇರಿಸುವ ಕೂಡಿಕೆಗಳ ಬಗ್ಗೆ ನಾನು ನಿನಗೆ ಹೇಳಿಕೊಡುವುದೇನೂ ಇಲ್ಲ.

ನಿನ್ನ ಕೈಕಾಲು ಗಟ್ಟಿಯಾಗಿರಲಿ. ಹತ್ತು ಬೆರಳೂ ಹತ್ತಾಗಿಯೇ ಉಳಿಯಲಿ, ಇದಕ್ಕಿಂತ ದೊಡ್ಡ ಆಶೀರ್ವಾದ ಬಡಗಿಗೆ ಗೊತ್ತಿಲ್ಲ.

ಇಂತು,
ನಿನ್ನ ಅಣ್ಣ

ತಾ.ಕ. ಅತ್ತಿಗೆ ಮೇಲಿನದನ್ನೆಲ್ಲ ಓದಿ, “ಪರವಾಗಿಲ್ಲ, ಮನುಷ್ಯರು ಬರೆದ ಹಾಗಿದೆ” ಅಂದು ಅಂಗಡಿಗೆ ಹೋದಳು. ಇನ್ನು ಬರೆಯುವುದು ಅವಳಿಗೂ ಗೊತ್ತಿಲ್ಲ. ಮೊದಲು ನಿನಗೆ.

ನಿನ್ನ ಏಳನೇ ನಂಬರಿಗೆ ನಾನು ಉತ್ತರ ಕೊಡಲಿಲ್ಲ. ಅದು ಪ್ರಶ್ನೆಯೂ ಅಲ್ಲ. “ಎದುರುಮನೆ ನರ್ಸಮ್ಮ ಟೀ ಹಿಡ್ಕೊಂಡು ಕೂಗ್ತಾನೇ ಒಳಗೆ ಬರ್ತಾರೆ. ಅದಕ್ಕೆ ಬಾಗಿಲಿಗೆ ಚೀಟಿ ಅಂಟಿಸಿದೀನಿ, ಮಿಷನ್ ಓಡುವಾಗ ಕರೆಯಬೇಡಿ ಅಂತ. ಈ ಒಂದು ನಿಯಮ ನೀನು ಬರೀಬೇಕಾಗಿಲ್ಲ ಅಣ್ಣ. ಇದು ನಂಗೆ ಚೆನ್ನಾಗಿ ಗೊತ್ತು.” ಮೂರು ವಾರ ನನ್ನ ಕೈ ಕಟ್ಟಿಹಾಕಿದ್ದು ಈ ಸಾಲು.

ನಲವತ್ತೊಂದು ವರ್ಷದ ಹಿಂದೆ ಶೆಡ್ಡಿಗೆ ಮೊದಲ ಕಟ್ಟಿಂಗ್ ಮಿಷನ್ ಬಂದಾಗ ಅಪ್ಪ ಹೇಳಿದ್ದು ಒಂದೇ ಮಾತು, “ಆ ಗಾರ್ಡ್ ಕಟ್ಟಿದವನು ಈ ಶೆಡ್ಡಿಂದ ಆಚೆ.” ನಾನು ಕಟ್ಟಿದೆ. ಕಿಟಕಿಗೆ ಸಣ್ಣ ಪಟ್ಟಿ ಕೊಯ್ಯುತ್ತಿದ್ದೆ, ಹತ್ತು ಸಲ ಸಿಕ್ಕಿಕೊಂಡಿತು, ಸಿಟ್ಟು ಬಂತು. ನನ್ನ ಸಿಟ್ಟು ನಿನಗೆ ಗೊತ್ತು. ತಂತಿ ಸುತ್ತಿ ಮೇಲಕ್ಕೆ ಕಟ್ಟಿದೆ. ಆಮೇಲೆ ಕೆಲಸ ಬೆಣ್ಣೆ ಕೊಯ್ದ ಹಾಗೆ ಓಡಿತು. ಕೊನೆಯ ಪಟ್ಟಿ ಕೊಯ್ದು ಸ್ವಿಚ್ ಬಿಟ್ಟೆ. ತುಂಡು ಬೀಳುತ್ತಿತ್ತು. ಎಡಗೈ ಚಾಚಿದೆ. ಬ್ಲೇಡು ಇನ್ನೂ ತಿರುಗುತ್ತಿತ್ತು, ಮುಚ್ಚಬೇಕಾದ ರೆಪ್ಪೆಯನ್ನು ನಾನೇ ಕಟ್ಟಿದ್ದೆ.

ಬೆರಳು ಹೋದ ಮೇಲೆ ಮೊದಲು ಏನು ಮಾಡಿದೆ ಗೊತ್ತಾ? ತಂತಿ ಬಿಚ್ಚಿದೆ. ರಕ್ತ ಸುರಿಯುತ್ತಿರುವಾಗಲೇ, ನೋವು ಇನ್ನೂ ಬಂದಿರಲಿಲ್ಲ, ಬಲಗೈಯಲ್ಲಿ ತಂತಿ ಎಳೆದು ಹೊಟ್ಟಿನೊಳಗೆ ಕಾಲಲ್ಲಿ ತಳ್ಳಿದೆ. ಅಷ್ಟು ಆದ ಮೇಲೆ ನೀನು ಬಾಗಿಲಿಗೆ ಬಂದು “ಅಣ್ಣಾ, ಊಟಕ್ಕೆ ಬಾ” ಅಂತ ಕೂಗಿದ್ದು. ಆಮೇಲೆ ಕಣೇ. ಮೊದಲು ಅಲ್ಲ. ನಾನು ತಿರುಗಿದೆ, ನೀನು ನನ್ನ ಕೈ ನೋಡಿದೆ, ನಿನ್ನ ಕೂಗು ಕೇಳಿ ಅಪ್ಪ ಓಡಿ ಬಂದು “ಏನಾಯ್ತೋ” ಅಂದರು. ನಾನು ಅಂದೆ, “ಇವಳು ಹಿಂದಿನಿಂದ ಕಿರುಚಿದಳು.”

ಅಪ್ಪ ನಿನಗೆ ಹೊಡೆಯಲಿಲ್ಲ. ಮರುದಿನ “ಗಂಟೆ, ಇನ್ಮೇಲೆ ಶೆಡ್ ಕಡೆ ಬರಬೇಡಮ್ಮ” ಅಂದರು ಅಷ್ಟೇ. ಶೆಡ್ಡಿನಲ್ಲಿ ಕಿಟಕಿಯ ಹತ್ತಿರದ ಎರಡನೇ ಕೆಲಸದ ಮೇಜು ನಿನಗೆ ಅಂತ ಅವರು ಮಾತಾಡಿಟ್ಟಿದ್ದರು. ನಿನ್ನ ಕೂಡಿಕೆಯಲ್ಲಿ ಕೂದಲೂ ತೂರುವುದಿಲ್ಲ ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರು. ಆ ಮೇಜೂ ನನಗೇ ಆಯಿತು. ಅದರ ಮೇಲೆ ನಲವತ್ತೊಂದು ವರ್ಷದಿಂದ ಬಣ್ಣದ ಡಬ್ಬಿ ಇಟ್ಟಿದ್ದೇನೆ. ಆಮೇಲೆ ಹೇಳಬಹುದಿತ್ತು. ಅಪ್ಪ ಇದ್ದಾಗ ಹೆದರಿಕೆ, ಅಪ್ಪ ಹೋದ ಮೇಲೆ ನಾಚಿಕೆ. ಎರಡರ ನಡುವೆ ನಿನ್ನ ಆಯುಸ್ಸು ಮುಗಿಯುತ್ತಾ ಬಂತು.

ನಾಲ್ಕು ಮನೆ ಆಚೆಗೆ ಕೇಳುವ ಗಂಟಲು ಅಂತ ಅಪ್ಪನೇ ನಿನಗೆ ಗಂಟೆ ಅಂತ ಹೆಸರಿಟ್ಟದ್ದು. ಅವತ್ತಿನಿಂದ ನೀನು ಯಾರನ್ನೂ ಹಿಂದಿನಿಂದ ಕರೆದದ್ದು ನಾನು ಕೇಳಿಲ್ಲ. ಕೊನೆಗೆ ಕೆಲಸ ಹುಡುಕಿಕೊಂಡದ್ದೂ ಯಾರೂ ಬಾಯಿ ಬಿಡದ ಜಾಗದಲ್ಲೇ. ಹೋದ ವರ್ಷ ಬಂದಿದ್ದಾಗ ಟೀ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆಯಲ್ಲ, ನಾನಾಗಿ ತಿರುಗುವವರೆಗೆ? ನೀನು ನಿಂತದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೂ ಮೂರು ಹಲಗೆ ಕೊಯ್ದೆ. ತಿರುಗಿದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು. ಟೀ ಆರಿ ಕೆನೆ ಕಟ್ಟಿತ್ತು. ಅದನ್ನೇ ಕುಡಿದು ಲೋಟ ನಿನ್ನ ಕೈಗೆ ಕೊಟ್ಟೆ.

ಬಾಗಿಲಿನ ಚೀಟಿ ಕೀಳಬೇಡ. ನಿಯಮ ಸರಿಯಾದದ್ದೇ, ಮಿಷನ್ ಓಡುವಾಗ ಯಾರೂ ಕೂಗಬಾರದು. ಆದರೆ ಅದನ್ನು ಬರೆದವಳು ಯಾರ ಬೆರಳನ್ನೂ ತೆಗೆದವಳಲ್ಲ. ಇದನ್ನು ನಿನ್ನ ಕೈಬರಹದಲ್ಲಿ ಇನ್ನೊಂದು ಚೀಟಿ ಮಾಡಿ ಒಳಗಡೆ ಅಂಟಿಸಿಕೋ.

ಎರಡನೇ ಮೇಜಿನ ಮೇಲಿನ ಡಬ್ಬಿಗಳನ್ನು ಇವತ್ತು ಬೆಳಗ್ಗೆ ಇಳಿಸಿದೆ. ಒರೆಸಿದ್ದೇನೆ. ಕಪಾಟು ಅಲ್ಲೇ ಮಾಡುತ್ತೀಯೋ, ಇಲ್ಲಿಗೆ ಬಂದು ಮಾಡುತ್ತೀಯೋ, ಅಥವಾ ಇನ್ನು ನನ್ನ ಮುಖವೇ ಬೇಡವೋ, ಮೂರರಲ್ಲಿ ಒಂದು ಬರೆ. ಬೈದು ಬರೆ, ನಾನು ಸೋಸುವುದಿಲ್ಲ. ಫೋನ್ ಮಾಡಬೇಡ, ಎತ್ತುವುದಿಲ್ಲ. ಉತ್ತರ ಬರೆಯುವ ತನಕ ಆ ಮಿಷನ್ನಿಗೆ ಪ್ಲಗ್ ಹಾಕಬೇಡ.

ಇಪ್ಪತ್ತನಾಲ್ಕನೇ ತಾರೀಖು ಮಂಗಳವಾರ, ಇವತ್ತಿಗೆ ಎರಡು ವಾರ. ಅಷ್ಟರೊಳಗೆ ಕಾಗದ ನನ್ನ ಕೈಯಲ್ಲಿರಬೇಕು.