ಹನ್ನೊಂದನೆಯ ಗುಳಿ

ದಮಾಸ್ಕಸ್, ಬಾಬ್ ಶರ್ಕಿ
೨ ಏಪ್ರಿಲ್ ೧೯೮೭, ಗುರುವಾರ

ಮುದ್ದಿನ ರುದೈನಾ,

ಹೇಗಿದ್ದೀಯ ಮಗಳೇ? ಲತಾಕಿಯಾದ ಸಮುದ್ರದ ಗಾಳಿಗೆ ನಿನ್ನ ಕೆಮ್ಮು ಇಳಿಯಿತೇ, ಹೆಚ್ಚಾಯಿತೇ? ಚಿಕ್ಕಮ್ಮನ ಮನೆಯಲ್ಲಿ ಸಂಕೋಚಪಡದೆ ಹೊಟ್ಟೆತುಂಬ ತಿನ್ನು, ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿಕೊಂಡೇ ದಿನ ಕಳೆಯಬೇಡ. ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪನ ವಿಷಯ ಹಾಗೆ ಹೇಳಲಾರೆ. ನಿನ್ನ ಕೈ ಎಷ್ಟು ಹದವೆಂದು ಗೊತ್ತಿದ್ದೂ, "ಹೆಣ್ಣಿನ ಕೈಗೆ ಉಳಿ ಕೊಟ್ಟು ಬೀದಿಯವರಿಂದ ನಗಿಸ್ಕೊಳ್ಳಲ್ಲ" ಎಂದ ಆ ಬಾಯಿಂದ, ನೀನು ಮನೆ ಬಿಟ್ಟು ಎರಡು ವರ್ಷವಾದರೂ, ನಿನ್ನ ಹೆಸರು ಬಂದಿಲ್ಲ. ಬೀದಿಯವರು ಮಾತ್ರ ಅವರನ್ನು ಇವತ್ತಿಗೂ ಅಬೂ ರುದೈನಾ, ರುದೈನಾಳ ಅಪ್ಪ, ಎಂದೇ ಕರೆಯುತ್ತಾರೆ. ಹಾಗೆ ಕರೆದಾಗಲೆಲ್ಲ ಅಪ್ಪ ಮುಖ ಕಿವುಚುತ್ತಾರೆ, ಆದರೆ ಓಗೊಡುತ್ತಾರೆ.

ಕಾಫಿ ಅಂಗಡಿಯ ಹಾಜಿ ರಫ್‌ಅತ್ ರಂಜಾನಿಗೆಂದು, ಗುಳಿಗಳಿಗೆ ಕಾಳು ಹಂಚಿ ಆಡುವ ಮನ್ಕಲಾ ಮಣೆ ಮಾಡಲು ಅಪ್ಪನಿಗೆ ಹೇಳಿದ್ದರು. ಏಳರ ಎದುರು ಏಳು ಗುಳಿ, ಒಂದೇ ಅಕ್ರೋಟು ದಿಮ್ಮಿ. ಹನ್ನೊಂದನೆಯ ಗುಳಿಯಲ್ಲಿ ಅಪ್ಪನ ಕೈ ನಡುಗಿ ಉಳಿ ತಳವನ್ನೇ ಸೀಳಿಕೊಂಡು ಆಚೆ ಹೋಯಿತು. ಬೇರೆ ಮಣೆ ಮಾಡುವ ಬದಲು ಮರದ ಪುಡಿಗೆ ಅಂಟು ಕಲಸಿ ಮೆತ್ತಿ, ಎಣ್ಣೆ ತಿಕ್ಕಿ, ನಿನ್ನ ಅಜ್ಜನ ಕಾಲದ ಮುದ್ರೆ ಒತ್ತಿಬಿಟ್ಟರು. ನಾನು ಪರದೆಯ ಹಿಂದಿನಿಂದ ನೋಡಿ, ಮತ್ತೆ ಒಲೆಯ ಮುಂದೆ ಹೋಗಿ ಕೂತೆ. ಆ ಮುದ್ರೆಯ ಮಣೆಗೆ ನೀರು ಹೊಯ್ದು ನೋಡಿಯೇ ಒಯ್ಯುವುದು ಅಜ್ಜ ಹಾಕಿಕೊಟ್ಟ ಪದ್ಧತಿ. ಹಾಜಿ ಹಳೆಯ ಗೆಳೆಯ, ನೀರಿನ ಪರೀಕ್ಷೆ ಬಿಟ್ಟುಬಿಡುತ್ತಾನೆ ಎಂದು ಅಪ್ಪ ಅಂದುಕೊಂಡರೋ ಏನೋ.

ಸೋಮವಾರ ಹಾಜಿ ಬಂದರು. ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಹಾ ಲೋಟದಲ್ಲಿ ಅಳೆದು ಗುಳಿಗುಳಿಗೂ ನೀರು ಹೊಯ್ದರು. ಹದಿನಾಲ್ಕೂ ಸಮ. "ಸರಿಯಾಯ್ತಲ್ಲ, ಚೆಲ್ಬಿಡು ಹಾಜಿ" ಎಂದರು ಅಪ್ಪ. "ಏನಯ್ಯಾ ಅವಸರ, ಕಾಫಿ ಬರ್ಲಿ" ಎಂದು ಹಾಜಿ ತಮ್ಮ ಅಳಿಯನ ಪುರಾಣ ಶುರುಮಾಡಿದರು. ಕಾಫಿ ಸರಿಯಾಗಿ ಕುದಿಯುವ ಮೊದಲೇ ಇಳಿಸಿ ಒಯ್ದೆ. ಆ ಮನುಷ್ಯ ಬೇಗ ಕುಡಿದಾರೆಯೇ? ಗುಟುಕಿಗೊಂದು ಕಥೆ. ನಮ್ಮ ಅಂಟು ನೀರಿಗೆ ಕರಗುವಂಥದ್ದು, ಎಷ್ಟು ಹೊತ್ತು ತಡೆದೀತು? ಅಪ್ಪ ಆ ಗುಳಿಯೊಂದನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದರು.

ಹಾಜಿ ಮಾತು ನಿಲ್ಲಿಸಿ ತೊಡೆ ಮುಟ್ಟಿ ನೋಡಿಕೊಂಡರು. "ಅಬೂ ರುದೈನಾ, ಈ ವಯಸ್ಸಲ್ಲಿ ನನ್ನ ಮಾನ ಕಳೀಬೇಡ್ವೋ, ಒದ್ದೆ ಆಯ್ತಲ್ಲೋ!" ಬಾಗಿಲಲ್ಲಿ ನೆರೆದಿದ್ದ ಬೀದಿಯವರೆಲ್ಲ ನಕ್ಕರು. ಆಮೇಲೆ ಅವರು ಮಣೆ ಮಗುಚಿ, ಹಸಿ ಪುಡಿಯನ್ನು ಉಗುರಿನಿಂದ ಕೆರೆದು, ಮುದ್ರೆಯನ್ನು ನೋಡಿದರು. ಯಾರೂ ನಗಲಿಲ್ಲ. ನಾನು ತಡೆಯಲಾರದೆ ಹೊರಬಂದು, "ಅದು ನನ್ ಕೆಲ್ಸ ಹಾಜಿ, ಇವರಿಲ್ದಾಗ ಉಳಿ ಮುಟ್ಟಿದ್ದೆ" ಎಂದು ಸುಳ್ಳು ಹೇಳಿದೆ. ಅಪ್ಪ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಅವಳದ್ದಲ್ಲ, ನಂದೇ. ಕೈ ನಿಲ್ತಿಲ್ಲ, ವರ್ಷ ಆಯ್ತು" ಎಂದುಬಿಟ್ಟರು. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ ಮಗಳೇ, ಅವರ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ. ಅಷ್ಟು ಸಿಟ್ಟೂ ಬಂದಿರಲಿಲ್ಲ.

ಹಾಜಿ ಬೈಯಲಿಲ್ಲ. "ರಂಜಾನ್ ಚಂದ್ರ ಕಾಣೋದ್ರೊಳಗೆ ಬೇರೆ ಮಣೆ ಕೊಡು. ಆಗ್ಲಿಲ್ಲ ಅಂದ್ರೆ ಆ ಮುದ್ರೆ ಬರದಾ ಹೊಳೆಗೆ ಎಸೆದ್ಬಿಡು, ಇನ್ಯಾರೂ ಅದನ್ನ ನಂಬಲ್ಲ" ಎಂದು ಹೊರಟುಹೋದರು. ಮೂರು ದಿನದಿಂದ ನಮ್ಮ ಅಂಗಡಿ ಬಾಗಿಲು ತೆರೆದಿಲ್ಲ. ಅಪ್ಪ ಹೊಸ ದಿಮ್ಮಿಯ ಮುಂದೆ ಕೂರುತ್ತಾರೆ, ಏಳುತ್ತಾರೆ, ತಮ್ಮ ಕೈಗೇ ಬೈಯುತ್ತಾರೆ, ನಡುನಡುವೆ ನನಗೂ. ನಿನ್ನನ್ನು ಕರೆಸೋಣ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಚಿಕ್ಕಮ್ಮನಿಗೆ ನನ್ನ ನೆನಪು ತಿಳಿಸು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಸಮೀಹಾ

ತಾಳು, ಇನ್ನೊಂದು ಮಾತು. ಲಕೋಟೆ ಮುಚ್ಚುವಷ್ಟರಲ್ಲಿ ಅಪ್ಪ ಒಳಬಂದರು. ಎತ್ತಲೋ ನೋಡುತ್ತ, "ಅವಳ ಅಂಗೈ ನಿನ್ನದರಷ್ಟೇ ಅಲ್ವಾ?" ಎಂದು ನನ್ನ ಕೈ ಹಿಡಿದು ಅಳೆದುಕೊಂಡು ಹೋದರು. ಈಗ ಹೊಸ್ತಿಲಲ್ಲಿ ಕುಳಿತು ತಮ್ಮ ದೊಡ್ಡ ಉಳಿಯ ಹಿಡಿಯನ್ನು ಗರಗಸದಿಂದ ಕೊಯ್ಯುತ್ತಿದ್ದಾರೆ. ಅದು ಇನ್ನು ಅವರ ಕೈಗೆ ಆಗದು. ಬೇಗ ಬಾ.