ಹೇಸ್ ತಂಡದ ಮೊದಲ ಆಯ್ಕೆ

ಹೇಸ್, ಲಂಡನ್
ಶನಿವಾರ, ೧೮ ಸೆಪ್ಟೆಂಬರ್ ೧೯೯೯

ಪ್ರೀತಿಯ ವಿಶಾಲಾ,

ಕಾಲಿನ ಬಾವು ಇಳಿಯಿತೇ? ಏಳನೇ ತಿಂಗಳಲ್ಲಿ ಇದೆಲ್ಲ ಇರುವುದೇ ಎಂದು ಇಲ್ಲಿಯ ಜಿ.ಪಿ. ಡಾಕ್ಟರು ಹೇಳಿದ್ದರು, ಆದರೂ ಧಾರವಾಡದ ಡಾಕ್ಟರಿಗೆ ಒಮ್ಮೆ ತೋರಿಸು. ನಾನು ಕ್ಷೇಮ ಎಂದು ಬರೆಯಬೇಕು, ಆದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಿನಿಂದ ಬೇಯುತ್ತಿದ್ದೇನೆ.

ನಮ್ಮ ಕನ್ನಡಿಗರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ನಿಯಮ ನಿನಗೆ ಗೊತ್ತು: ಹೋದ ವರ್ಷ ಕೊನೆಗೆ ಬಂದ ತಂಡಕ್ಕೆ ಈ ವರ್ಷ ಹೊಸ ಆಟಗಾರರಲ್ಲಿ ಒಬ್ಬನನ್ನು ಮೊದಲು ಆರಿಸಿಕೊಳ್ಳುವ ಹಕ್ಕು. ಒಂದೂ ಪಂದ್ಯ ಗೆಲ್ಲದ ನಮಗೆ ಅದು ಸಿಕ್ಕಿದೆ. ಕ್ಯಾಪ್ಟನ್ ನಾನು, ಇಂದು ಸಂಜೆ ಹೆಸರು ಹೇಳಬೇಕು. ಪಟ್ಟಿಯಲ್ಲಿ ಎಲ್ಲರ ಕಣ್ಣು ಹುಬ್ಬಳ್ಳಿಯ ವಿನಾಯಕನ ಮೇಲೆ. ಹೌದು, ಅವನೇ. ನನಗಿಂತ ಮೊದಲು ನಿನ್ನನ್ನು ನೋಡಲು ಬಂದು, ಅವಲಕ್ಕಿ ತಿಂದು, ಜಾತಕ ಕೂಡಲಿಲ್ಲವೆಂದು ತಪ್ಪಿಹೋದ ವರ. ಆರಡಿ ಮೂರಂಗುಲ, ಯೂನಿವರ್ಸಿಟಿ ತಂಡದಲ್ಲಿ ಆಡಿದವನು. ತಲೆಗೂದಲೂ ಪೂರ್ತಿ ಇದೆ.

ಮೊನ್ನೆ ತಂಡದವರು ಕೂತು ಚರ್ಚಿಸಿದೆವು. ನಮ್ಮ ಮ್ಯಾನೇಜರ್ ವೀರಣ್ಣ, 'ಅಂವನ್ನ ಬಿಟ್ರ ಮತ್ತ ಕಡೇಕ್ಕ ಬರ್ತೀವಿ ನೋಡಪಾ' ಎಂದರು. ನಾನು ಅಕ್ಸ್‌ಬ್ರಿಡ್ಜ್‌ನಲ್ಲಿ ಓದುವ ಗಿಡ್ಡ ರೋಹನನ ಹೆಸರು ಮುಂದಿಟ್ಟೆ; ದೂರದಿಂದ ಎಸೆದರೂ ಗುರಿ ತಪ್ಪುವುದಿಲ್ಲ. ಅದೂ ಬೇಡವಾದರೆ ಮೊದಲ ಸರದಿಯನ್ನು ಕ್ವೀನ್ಸ್‌ಬರಿ ತಂಡದವರಿಗೆ ಬಿಟ್ಟುಕೊಟ್ಟು ಅವರ ಇಬ್ಬರು ಅನುಭವಿಗಳನ್ನು ಪಡೆಯೋಣವೆಂದೆ. ದೊಡ್ಡ ದೂರದೃಷ್ಟಿಯವನ ಹಾಗೆ ಹೇಳಿದೆ. ನಿಜವೆಂದರೆ, ನೀನು ಕೂಸಿನೊಂದಿಗೆ ಮರಳಿ ಬಂದು, ಭಾನುವಾರ ಗ್ಯಾಲರಿಯಲ್ಲಿ ಕೂತು ಅವನ ಆಟ ನೋಡುವುದನ್ನು ನನ್ನಿಂದ ಸಹಿಸಲಾಗದು.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಅವನ ಅರ್ಜಿಯಲ್ಲಿ ಹುಟ್ಟಿದ ದಿನ, ಊರು ಇದ್ದವು. ಹುಟ್ಟಿದ ಹೊತ್ತು ಮಾತ್ರ ಇರಲಿಲ್ಲ. ಆಟಗಾರರ ವಿಮೆಗೆ ಬೇಕು ಎಂದು ಫೋನಿನಲ್ಲಿ ಕೇಳಿದೆ. ಪಾಪ, ಹೇಳಿಯೂಬಿಟ್ಟ! ಕ್ವೀನ್ಸ್‌ಬರಿಯಲ್ಲಿ ಜಾತಕ ನೋಡುವ ಅನಂತಮೂರ್ತಿಯವರಿಗೆ ಹೆಸರು ಹೇಳದೆ ಅವನದನ್ನೂ ನಿನ್ನದನ್ನೂ ಕೊಟ್ಟೆ. ಮೂವತ್ತಾರರಲ್ಲಿ ಮೂವತ್ತೊಂದು ಗುಣ ಕೂಡುತ್ತವಂತೆ. 'ಭಾಳ ಛಲೋ ಜೋಡಿ, ಯಾರ ಮದುವೀರಿ?' ಎಂದು ಕೇಳಿದರು. ನಮ್ಮಿಬ್ಬರದು ಹತ್ತೊಂಬತ್ತು. ಯಾರೋ ಎಣಿಕೆಯಲ್ಲಿ ತಪ್ಪಿದ್ದಕ್ಕೆ ನೀನು ನನ್ನ ಪಾಲಿಗೆ ಬಂದೆಯಾ ಎಂದು ಅಂದಿನಿಂದ ಊಟ ರುಚಿಸುತ್ತಿಲ್ಲ. ನೀನು ಮಾಡಿಟ್ಟ ಚಟ್ನಿಪುಡಿಯೂ ಡಬ್ಬಿಯಲ್ಲಿ ಹಾಗೇ ಇದೆ.

ಅತ್ತೆ, ಮಾವನವರಿಗೆ ನಮಸ್ಕಾರ ಹೇಳು. ಹೊಟ್ಟೆಯೊಳಗಿನ ಕೂಸಿಗೆ ಆಶೀರ್ವಾದ. ನಿನ್ನಂತೆಯೇ ಇರಲಿ, ಎತ್ತರ ಎಷ್ಟಾದರೂ ಆಗಲಿ.

ನಿನ್ನ
ಸತ್ಯಪ್ರಕಾಶ

ತಾ.ಕ.: ಆಯ್ಕೆ ಮುಗಿಸಿ ಈಗ ಬಂದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವ ಮೊದಲೇ ವಿನಾಯಕ ನನ್ನನ್ನು ಪಕ್ಕಕ್ಕೆ ಕರೆದ. 'ನಾ ನಿಮ್ಮ ಟೀಮಿಗೆ ಬಂದ್ರ ನಿಮ್ಮ ಮನಿಯವರಿಗೆ ಮುಜುಗರ ಆಗಬಾರದ್ರಿ. ಜಾತಕ ಅಂತ ಹಿರಿಯಾರು ಸುಮ್ಮ ನೆವ ಹೇಳಿದ್ರು. ವಿಶಾಲಾ ಅವರೇ ನನ್ನ ಒಲ್ಲೆ ಅಂದಿದ್ರು' ಎಂದ. ಒಳಗೆ ಹೋಗಿ ಅವನನ್ನೇ ಆರಿಸಿದೆ. ಆದರೆ ವಿಶಾಲಾ, ಅವನನ್ನು ಒಲ್ಲೆ ಎಂದವಳು ನನಗೆ ಯಾಕೆ ಹೂಂ ಅಂದೆ? ಮರುಟಪಾಲಿಗೇ ಬರೆ. ನಿನ್ನ ಉತ್ತರ ಬರುವವರೆಗೆ ಅವನನ್ನು ಆಟಕ್ಕಿಳಿಸದೆ ಬೆಂಚಿನ ಮೇಲೆ ಕೂರಿಸುತ್ತೇನೆ.